ರಜೆಯ ಮಧ್ಯಾಹ್ನದ ಊಟ

ಜುಲೈ 3

ಸೊಸೆಗೆ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನಾನು "ಹೂಂ" ಅಂದದ್ದು ಒಪ್ಪಿಗೆಯಲ್ಲ. ನನಗೆ ಕೇಳಿಸಿರಲಿಲ್ಲ. ಈ ಕಿವಿಗಳು ಕೈಕೊಟ್ಟ ಮೇಲೆ ಫೋನಿನಲ್ಲಿ ಯಾರು ಏನು ಕೇಳಿದರೂ ಹೂಂ ಅನ್ನುವುದು ಅಭ್ಯಾಸವಾಗಿಬಿಟ್ಟಿದೆ. ಹೋದ ತಿಂಗಳು ಹೀಗೇ ಹೂಂ ಅಂದು, ಯಾರದೋ ಮನೆಯ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಡಲು ಒಪ್ಪಿಕೊಂಡಿದ್ದೆ. ಮಕ್ಕಳನ್ನು ರಜೆಯ ಊಟಕ್ಕೆ ಕಳಿಸಿ ಅಂತ ನೀನು ಕೇಳಿದ್ದನ್ನು ಆಮೇಲೆ ನಿನ್ನ ದೊಡ್ಡವಳು ಹೇಳಿದಳು. ಅದಕ್ಕೇ ಈ ಕಾಗದ. ಇನ್ನು ಮುಂದೆ ಮುಖ್ಯವಾದದ್ದು ಏನಿದ್ದರೂ ಬರೆದೇ ಕಳಿಸು.

ಶಾಲೆಗೆ ಮಳೆಗಾಲದ ರಜೆ ಕೊಟ್ಟರು. ಇಷ್ಟು ದಿನ ಮಕ್ಕಳ ಮಧ್ಯಾಹ್ನದ ಊಟ ಅಲ್ಲೇ ಆಗುತ್ತಿತ್ತು. ಈಗ ರಜೆಯಲ್ಲೂ ಶಾಲೆಯ ಹಾಲ್‌ನಲ್ಲಿ ಊಟ ಹಾಕುತ್ತಿರುವುದು ನಿಜ, ಪುರಸಭೆಯ ಖರ್ಚಿನಲ್ಲಿ. ಆದರೆ ಗೇಟಿಗೆ ಒಂದು ಬ್ಯಾನರ್ ಕಟ್ಟಿದ್ದಾರೆ: "ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ ಉಚಿತ ಊಟ." ಕನ್ನಡಕವಿಲ್ಲದೆ ನಾನೇ ರಸ್ತೆಯ ಆಚೆ ಬದಿಯಿಂದ ಓದಿದೆ. ಶಾಲೆ ನಡೆಯುವಾಗ ಹೆಡ್‌ಮಾಸ್ಟರ್ ಮಗಳೂ ನಮ್ಮ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅದು ಶಾಲೆಯ ಊಟ. ಇದು ಹಾಗಲ್ಲ. ಆ ಬ್ಯಾನರ್ ಕೆಳಗೆ ಹಾದು ಹೋದವರು ಯಾರ ಮನೆಯವರು ಅಂತ ಬೀದಿಗೆ ಬೀದಿಯೇ ನೋಡುತ್ತದೆ. ಈ ಬೀದಿಯವರ ಸೊಂಟ, ಭುಜದ ಅಳತೆಯೆಲ್ಲ ನನ್ನ ಹತ್ತಿರ ಇದೆ. ನಮ್ಮ ಮನೆಯ ಅಳತೆ ಅವರು ತೆಗೆಯುವುದು ಬೇಡ.

ನಮಗೆ ಏನೂ ಕೊರತೆಯಿಲ್ಲ. ಹೊಲಿಗೆ ಬೇಕಾದಷ್ಟಿದೆ. ಚಿಕ್ಕವಳು ಗುಬ್ಬಿಯ ಮುಂದಿನ ಹಲ್ಲು ಬಿದ್ದಿದೆ, ಈಗ ಅವಳ ಮಾತಿನಲ್ಲಿ ಗಾಳಿಯೇ ಹೆಚ್ಚು. ನೀನು ನೋಡಿಕೊಳ್ಳುವ ಜಡ್ಜ್ ಸಾಹೇಬರು ಹೇಗಿದ್ದಾರೆ?

ಅತ್ತೆ


ಜುಲೈ 8

ಅತ್ತೆ, ನಮಸ್ಕಾರ.

ಜಡ್ಜ್ ಸಾಹೇಬರಿಗೆ ಮಧ್ಯಾಹ್ನದ ನಿದ್ದೆ ಹತ್ತಿದೆ. ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೇಗಿದ್ದಾರೆ ಅಂತ ಕೇಳಿದ್ದೀರಿ. ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಬೆಳಗಿನ ತಿಂಡಿಗೆ ಈಗಲೂ ತೀರ್ಪು ಕೊಡುತ್ತಾರೆ. ಕಣ್ಣು ಮಂಜಾಗಿದೆ, ಅಭಿಪ್ರಾಯಗಳು ಮಂಜಾಗಿಲ್ಲ. ಸ್ನಾನ, ಮಾತ್ರೆ, ವಾಕಿಂಗ್ ಆದ ಮೇಲೆ ನಾನು ಪೇಪರ್ ಓದಿ ಹೇಳಬೇಕು. ನಾನು ಓದುವುದಕ್ಕಿಂತ ಅವರು ಪೇಪರಿಗೆ ಉತ್ತರ ಕೊಡುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಬ್ಯಾನರ್ ವಿಷಯ ಅರ್ಥವಾಯಿತು. ಆದರೂ ಮಕ್ಕಳನ್ನು ಕಳಿಸಿ. ಶಾಲೆ ಇದ್ದಾಗ ಮಧ್ಯಾಹ್ನ ನಿಮ್ಮೊಬ್ಬರ ಅಡುಗೆ. ಈಗ ಮೂವರದು, ಅದೂ ಒಂದೂವರೆ ತಿಂಗಳು. ಇಲ್ಲಿಂದ ನಾನು ಕಳಿಸುವುದು ಮಾತ್ರ ಮೊದಲಿನಷ್ಟೇ. ಇನ್ನು ಹೊಲಿಗೆ "ಬೇಕಾದಷ್ಟಿದೆ" ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ನಿಮ್ಮ ಕೈಯಲ್ಲಿ ನಿಜವಾಗಿ ಕೆಲಸವಿದ್ದರೆ ಯಾರ ಬಟ್ಟೆ, ಎಂಥ ಕಾಲರ್, ಯಾವ ಗುಂಡಿ ಎಲ್ಲ ಬರೆಯುವವರು ನೀವು. ನಿಮ್ಮ ಗಿರಾಕಿಗಳೆಲ್ಲ ಯೂನಿಫಾರಂನವರು. ಶಾಲೆ ಮುಚ್ಚಿದಾಗ ಯೂನಿಫಾರಂ ಯಾರಿಗೆ ಬೇಕು?

ನಿಮ್ಮ ಮಗ ತೀರಿಕೊಂಡ ವರ್ಷ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಆಡಿಕೊಂಡ ಮಾತು ನೆನಪಿರಲಿ. ಮಕ್ಕಳ ವಿಷಯದಲ್ಲಿ ನಮ್ಮೊಳಗೆ ಮುಚ್ಚುಮರೆ ಬೇಡ ಅಂದಿದ್ದಿರಿ. ನೀವೇ ಅಂದದ್ದು.

ಆಗಸ್ಟ್ ಹತ್ತಕ್ಕೆ ನನಗೆ ನಾಲ್ಕು ದಿನ ರಜೆ ಸಿಕ್ಕಿದೆ. ಮಕ್ಕಳಿಗೆ ಹೇಳಿ.

ನಿಮ್ಮ ಸೊಸೆ


ಜುಲೈ 14

ಸೊಸೆಗೆ ಆಶೀರ್ವಾದ.

ನೀನು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು. ಹೊಲಿಗೆ ಸ್ವಲ್ಪ ಕಡಿಮೆ ಇದೆ, ಒಪ್ಪಿದೆ. ಎರಡು ಜಿಪ್ಪು, ಒಂದು ದಿಂಬಿನ ಗವಸು, ಇಷ್ಟೇ ಈ ವಾರ. ಹಾಗಂತ ಊಟಕ್ಕೇನೂ ತೊಂದರೆ ಬಂದಿಲ್ಲ. ನಿಜ ಹೇಳಬೇಕೆಂದರೆ ಮಾಡಿದ್ದೇ ಉಳಿಯುತ್ತಿದೆ, ಮತ್ತು ನನ್ನ ಚಿಂತೆ ಅದೇ.

ವಾರದಿಂದ ಮಕ್ಕಳಿಬ್ಬರೂ ಸರಿಯಾಗಿ ತಿನ್ನುತ್ತಿಲ್ಲ. ಬೆಳಗ್ಗೆ ಆಟಕ್ಕೆ ಹೋಗುತ್ತಾರೆ, ಮಧ್ಯಾಹ್ನ ಬರುತ್ತಾರೆ, ತಟ್ಟೆ ಮುಂದೆ ಕೂತು ಎರಡು ತುತ್ತು ಬಾಯಿಗೆ ಹಾಕಿಕೊಂಡು ಎದ್ದುಬಿಡುತ್ತಾರೆ. "ಹಸಿವಿಲ್ಲ ಅಜ್ಜಿ" ಅನ್ನುತ್ತಾಳೆ ದೊಡ್ಡವಳು. "ಹಚಿವಿಲ್ಲ" ಅನ್ನುತ್ತಾಳೆ ಗುಬ್ಬಿ, ಅವಳ ಹಿಂದಿನಿಂದ. ಆಮೇಲೆ ದೊಡ್ಡವಳು ನನ್ನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತುಬಿಡುತ್ತಾಳೆ. "ಈಗ ನೀನು ತಿನ್ನು, ನಾನು ನೋಡ್ತೀನಿ." ಹನ್ನೊಂದು ವರ್ಷದ ಹುಡುಗಿ, ದೊಡ್ಡ ಯಜಮಾನಿಯ ಹಾಗೆ! ಆಮೇಲೆ ತಿಂತೀನಿ ಹೋಗೇ ಅಂತ ಗದರಿ ಎಬ್ಬಿಸುತ್ತೇನೆ.

ನಿನ್ನ ನೆನಪಿಗೆ ಹೀಗಾಗುತ್ತಿದೆಯೋ ಏನೋ. ರಾತ್ರಿ ಗುಬ್ಬಿ ನಿನ್ನ ಹಳೇ ಶಾಲು ಹೊದೆಯದೆ ಮಲಗುವುದಿಲ್ಲ. ಅಜ್ಜಿ ಹಾಕಿದ್ದನ್ನು ತಿನ್ನಿ ಅಂತ ಮುಂದಿನ ಕಾಗದದಲ್ಲಿ ಇಬ್ಬರಿಗೂ ಗಟ್ಟಿಯಾಗಿ ಬೈದು ಬರೆ. ಓದಿ ಹೇಳುತ್ತೇನೆ. ನೀನು ಬರುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದಾರೆ.

ಅತ್ತೆ


ಜುಲೈ 18

ಅತ್ತೆ, ನಮಸ್ಕಾರ.

ಕಾಗದ ಓದಿದೆ. ಬೈದು ಬರೆಯುವುದಿಲ್ಲ. ಮೊದಲು ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಾತ್ರೆಯಲ್ಲಿ ಎಷ್ಟಿದೆ ಅಂತ ನೋಡಿಕೊಂಡು ಮಕ್ಕಳು ಬೇಡ ಅನ್ನುತ್ತಿದ್ದಾರಾ? ದೊಡ್ಡವಳಿಗೆ ಎಲ್ಲ ಗೊತ್ತಾಗುತ್ತದೆ. ಅವಳು ಹಸಿದುಕೊಂಡು ಮಲಗುತ್ತಿದ್ದಾಳೆ, ತಂಗಿಗೂ ಅದನ್ನೇ ಕಲಿಸುತ್ತಿದ್ದಾಳೆ ಅಂತ ನನಗೆ ಅನ್ನಿಸುತ್ತಿದೆ. ನಿನ್ನೆಯಿಂದ ಇಲ್ಲಿ ತಟ್ಟೆ ಮುಂದೆ ಕೂತರೆ ನನಗೂ ಊಟ ಇಳಿಯುತ್ತಿಲ್ಲ.

ಇವತ್ತು ಇನ್ನೊಂದಾಯಿತು. ರಜೆಯಲ್ಲಿ ಮಕ್ಕಳಿಗೆ ಊಟ ಕೊಡುವ ವಿಷಯ ಪೇಪರಿನಲ್ಲಿ ಬಂದಿತ್ತು. ಜಡ್ಜ್ ಸಾಹೇಬರಿಗೆ ಕೋಪ ಬಂತು, ಸಂಪಾದಕರಿಗೆ ಒಂದು ಪತ್ರ ಬರೆಸಿದರು. ಅವರು ಹೇಳುವುದು, ನಾನು ಬರೆಯುವುದು. "ರಜೆಯಲ್ಲೂ ಸರ್ಕಾರವೇ ತುತ್ತು ತಿನ್ನಿಸುವುದಾದರೆ ಮನೆಗಳು ಇರುವುದೇಕೆ?" ಇಲ್ಲಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ.

"ಯಾಕಮ್ಮ ನಿಲ್ಲಿಸಿದೆ?"

"ಸರ್, ನಮ್ಮ ಮಕ್ಕಳನ್ನ ಅಂಥದೇ ಊಟಕ್ಕೆ ಕಳಿಸಿ ಅಂತ ನಾನೇ ಬರೆದಿದೀನಿ. ಅತ್ತೆ ಕೇಳ್ತಿಲ್ಲ."

"ನಿಮ್ಮತ್ತೆ ವಿವೇಕಿ."

"ಹಠಮಾರಿ, ಸರ್."

"ಎಷ್ಟೋ ಸಲ ಎರಡೂ ಒಂದೇ. ನಿನ್ನ ಅಭಿಪ್ರಾಯ ನಿನ್ನ ಕಾಗದದಲ್ಲಿ ಬರಿ. ಇದು ನನ್ನದು. ಮುಂದಿನ ಸಾಲು ತಗೋ."

ತೆಗೆದುಕೊಂಡೆ. ಬರೆದೆ. ನೀವಿಬ್ಬರೂ ಸೇರಿದರೆ ಒಂದು ಪಕ್ಷವನ್ನೇ ಕಟ್ಟಬಹುದು.

ಡಾಕ್ಟರು ಏನಂದರು ಅಂತ ತಕ್ಷಣ ಬರೆಯಿರಿ.

ನಿಮ್ಮ ಸೊಸೆ


ಜುಲೈ 24

ಸೊಸೆಗೆ ಆಶೀರ್ವಾದ.

ನಿನ್ನ ಮಕ್ಕಳು ಆರೋಗ್ಯವಾಗಿದ್ದಾರೆ. ಇದನ್ನು ಮೊದಲು ಓದಿಕೊಂಡು, ನೀರು ಕುಡಿದು, ಆಮೇಲೆ ಉಳಿದದ್ದು ಓದು.

ಡಾಕ್ಟರಮ್ಮ ಇಬ್ಬರ ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ತೂಕ ಹಾಕಿದರು. ರಜೆಗೆ ಮುಂಚೆ ಶಾಲೆಯಲ್ಲಿ ಹಾಕಿದ್ದ ತೂಕದ ಜೊತೆ ಹೋಲಿಸಿ ನನ್ನನ್ನು ನೋಡಿ ಏನೋ ಅಂದರು. ನಾನು ಹೂಂ ಅಂದೆ. ಅವರಿಗೆ ಅನುಮಾನ ಬಂದು ಜೋರಾಗಿ ಕೂಗಿದರು: "ತೂಕ ಜಾಸ್ತಿ ಆಗಿದೆ ಅಜ್ಜಿ! ಏನು ಹಾಕ್ತಿದ್ದೀರಿ ಮಕ್ಕಳಿಗೆ?" ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಬಗ್ಗಿ ನೋಡಿದರು. ದೊಡ್ಡವಳು ನೆಲ ನೋಡುತ್ತಿದ್ದಳು. ಗುಬ್ಬಿ ಚಾವಣಿ ನೋಡುತ್ತಿದ್ದಳು. ಆಗಲೇ ನನಗೆ ಏನೋ ಇದೆ ಅನ್ನಿಸಿತು.

ಮಾರನೆಯ ದಿನ ಅವರು ಆಟಕ್ಕೆ ಹೊರಟ ಮೇಲೆ ಮಿಷನ್ನಿಗೆ ಬಟ್ಟೆ ಮುಚ್ಚಿ ನಾನೂ ಹಿಂದೆ ಹೊರಟೆ. ಆಟದ ಬಯಲಿನಲ್ಲಿ ಕೂತು ಕಾದೆ. ಊಟದ ಹೊತ್ತಿಗೆ ದೊಡ್ಡವಳು ತಂಗಿಯ ಕೈ ಹಿಡಿದು ಸೀದಾ ಶಾಲೆಯ ಗೇಟಿಗೆ ಹೋದಳು, ಆ ಬ್ಯಾನರ್ ಕೆಳಗೇ. ತಲೆ ಬಗ್ಗಿಸಿರಲಿಲ್ಲ. ದಿನವೂ ಹೋಗುವವರ ಹಾಗೆ ಹೋದಳು.

ನಾನು ಹಾಲ್‌ನ ಬಾಗಿಲಿನವರೆಗೂ ಹೋಗಿ ನಿಂತೆ. ಎಳೆದುಕೊಂಡು ಬರಬೇಕು ಅಂತಲೇ ಹೋದದ್ದು, ಸುಳ್ಳು ಹೇಳುವುದಿಲ್ಲ. ಉದ್ದನೆಯ ಚಾಪೆ, ಬಿಸಿ ಊಟ, ಒಬ್ಬೊಬ್ಬರಿಗೂ ಒಂದು ಮೊಟ್ಟೆ. ಗುಬ್ಬಿ ಪಕ್ಕದ ಹುಡುಗಿಗೆ ತನ್ನ ಹಲ್ಲಿನ ಸಂದು ತೋರಿಸಿ ನಗಿಸುತ್ತಿದ್ದಳು. ನನ್ನನ್ನು ಕಂಡು "ಅಜ್ಜೀ!" ಅಂತ ಕೂಗಿದಳು. ದೊಡ್ಡವಳ ಕೈ ಬಾಯಿಯ ಹತ್ತಿರವೇ ನಿಂತಿತು. ತಟ್ಟೆ ಬಿಟ್ಟು ಎದ್ದು ನಿಂತಳು. ಅವಳ ಮುಖ ನೋಡಿದ ಮೇಲೆ ನಾನು ಮನಸ್ಸಿನಲ್ಲೇ ಹೊಲಿದುಕೊಂಡು ಬಂದಿದ್ದ ಮಾತೆಲ್ಲ ಬಿಚ್ಚಿಹೋಯಿತು. "ಕೂತ್ಕೋ. ಪೂರ್ತಿ ತಿಂದು ಏಳು" ಅಂದೆ. ಅವಳು ತಿಂದಳು. ನಾನು ಹೊರಗೆ ಕಟ್ಟೆಯ ಮೇಲೆ ಕಾದೆ.

ವಾಪಸು ಬರುವಾಗ ದಾರಿಯಲ್ಲಿ ಕೇಳಿದೆ. "ಯಾಕೆ ನನ್ನ ಹತ್ತಿರ ಹೇಳಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ?"

"ಮನೇಲಿ ಊಟ ಇರಲಿಲ್ವಾ?"

ನನ್ನ ಒಳ್ಳೆ ಕಿವಿಯ ಕಡೆ ಬಂದು ಹೇಳಿದಳು. "ನಮಗಿತ್ತು. ನಿನಗಿರಲಿಲ್ಲ. ನಮಗೆ ಬಡಿಸಿ ನೀನು ಬರೀ ನೀರು ಕುಡೀತಿದ್ದೆ. ನಾವು ಅಲ್ಲಿ ತಿಂದು ಬಂದ್ರೆ ಮನೇಲಿರೋದು ನಿನಗೆ ಸಿಗುತ್ತೆ ಅಂದ್ಕೊಂಡೆ. ನೀನು ಅದನ್ನೂ ನಮಗೇ ಅಂತ ರಾತ್ರಿಗೆ ಎತ್ತಿಟ್ಟೆ."

ಗುಬ್ಬಿ ಮನೆ ಬರುವವರೆಗೂ ಮೊಟ್ಟೆಯ ಗುಣಗಾನ ಮಾಡಿದಳು.

ಈಗ ನಿನಗೆ ಎಲ್ಲ ತಿಳಿಯಿತು. ಇನ್ನೇನು ಬರೆಯಲಿ.

ಅತ್ತೆ


ಜುಲೈ 28

ಅತ್ತೆ,

ಓದಿ ಅತ್ತುಬಿಟ್ಟೆ, ಅತ್ತೆ. ಆಮೇಲೆ ಸಿಟ್ಟು ಬಂತು. ನಮಸ್ಕಾರ ಹಾಕಲು ಮರೆತೆ ಅಂತ ತಿಳಿದುಕೊಳ್ಳಬೇಡಿ. ಹಾಕುವ ಮನಸ್ಸಿಲ್ಲ ಇವತ್ತು.

ಮಕ್ಕಳು ಉಪವಾಸವಿದ್ದಾರೆ ಅಂತ ಇಲ್ಲಿ ನಾನು ಒದ್ದಾಡುತ್ತಿದ್ದೆ. ನಿಮ್ಮ ತಟ್ಟೆಯ ಬಗ್ಗೆ ಒಂದು ಸಲವೂ ಯೋಚಿಸಲಿಲ್ಲ. ಅದಕ್ಕೇ ನನ್ನ ಮೇಲೆಯೇ ಹೆಚ್ಚು ಸಿಟ್ಟು. ಆದರೆ ನಿಮ್ಮ ಮೇಲೂ ಇದೆ. ಬೀದಿಯವರು ನೋಡುತ್ತಾರೆ ಅಂತ ನೀವು ಹಸಿದುಕೊಂಡಿದ್ದಿರಿ. ಒಂದು ದಿನ ಮಿಷನ್ನಿನ ಮೇಲೆ ತಲೆ ತಿರುಗಿ ಬಿದ್ದಿದ್ದರೆ ಆ ಬೀದಿಯವರು ಬಂದು ಮಕ್ಕಳನ್ನು ಸಾಕುತ್ತಿದ್ದರಾ? ನಾನು ಇಲ್ಲಿಂದ ಎದ್ದು ಓಡಿ ಬರುವ ಹಾಗೂ ಇಲ್ಲ.

ದೊಡ್ಡವಳಿಗೆ ಬೈಯಬೇಡಿ. ಇಬ್ಬರೂ ದಿನವೂ ಹಾಲ್‌ಗೆ ಹೋಗಲಿ, ನಿಮಗೆ ಹೇಳಿಯೇ ಹೋಗಲಿ. ನೀವು ಮಧ್ಯಾಹ್ನ ಮನೆಯಲ್ಲಿ ಊಟ ಮಾಡಿ. ಇದು ಕೋರಿಕೆಯಲ್ಲ.

ಸೊಸೆ


ಆಗಸ್ಟ್ 3

ಸೊಸೆಗೆ ಆಶೀರ್ವಾದ. ನಿನಗೆ ಹಾಕುವ ಮನಸ್ಸಿಲ್ಲದಿದ್ದರೂ ನನಗೆ ಮಾಡುವ ಮನಸ್ಸಿದೆ.

ನೀನು ಹೇಳಿದಂತೆಯೇ ನಡೆಯುತ್ತಿದೆ. ಮಕ್ಕಳು ಹೇಳಿ ಹೋಗುತ್ತಾರೆ, ನಾನು ಉಣ್ಣುತ್ತೇನೆ. ಆದರೆ ಕಳೆದ ವಾರ ಇನ್ನೊಂದು ಸುದ್ದಿ ಬಂತು. ಪುರಸಭೆ ಕೊಟ್ಟ ಹಣ ಜುಲೈಗೆ ಮುಗಿಯಿತಂತೆ. ಮುಂದುವರಿಸಬೇಕೋ ಬೇಡವೋ ಅಂತ ಭಾನುವಾರ ಶಾಲೆಯ ಹಾಲ್‌ನಲ್ಲೇ ಬೀದಿಯವರ ಸಭೆ ಕರೆದರು. ನಾನೂ ಮಕ್ಕಳನ್ನು ಕರೆದುಕೊಂಡು ಹೋದೆ.

ಔಷಧಿ ಅಂಗಡಿಯವರು ಎದ್ದು ಪೇಪರ್ ಬಿಚ್ಚಿ ಓದಿದರು. ದೊಡ್ಡವಳು ಒಂದೊಂದು ಸಾಲನ್ನೂ ನನ್ನ ಕಿವಿಗೆ ಹೇಳುತ್ತಿದ್ದಳು. "ಮನೆಗಳು ಇರುವುದೇಕೆ?" ಅಂತ ಬಂದ ಕೂಡಲೇ ನಿನ್ನ ಜಡ್ಜ್ ಸಾಹೇಬರ ಪತ್ರ ಅಂತ ಗೊತ್ತಾಯಿತು. ತಿಂಗಳ ಹಿಂದಾಗಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದೆ. ಅಂಗಡಿಯವರು ಓದಿ ಮುಗಿಸಿ, ಹೀಗೆ ಕೊಡುತ್ತಾ ಹೋದರೆ ಹೆತ್ತವರು ಸೋಮಾರಿಗಳಾಗುತ್ತಾರೆ, ಇನ್ನು ಕೊಡುವ ಹಣದಲ್ಲಿ ಶಾಲೆಯ ಸೋರುವ ಮಾಡು ರಿಪೇರಿ ಮಾಡಿಸಿ ಅಂದರು. ಮಾಡು ಸೋರುವುದು ನಿಜವೇ. ಹಲವರು ತಲೆಯಾಡಿಸಿದರು.

ಕೊನೆಗೆ ಪುರಸಭೆ ಸದಸ್ಯರು ಎದ್ದು ಕೈ ಎತ್ತಲು ಹೇಳಿದರು. ದೊಡ್ಡವಳು ನನಗೆ ಹೇಳುವ ಮೊದಲೇ ನಾನು ಎತ್ತಿಬಿಟ್ಟೆ. ಸುತ್ತ ನೋಡಿದರೆ ಔಷಧಿ ಅಂಗಡಿಯವರ ಕೈಯೂ ಮೇಲಿದೆ! ಗುಬ್ಬಿ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಾಳೆ, ದೊಡ್ಡವಳ ಮುಖ ಬಿಳಿಚಿಕೊಂಡಿದೆ. ಸದಸ್ಯರು ಕೇಳಿದ್ದು "ನಿಲ್ಲಿಸಬಹುದು ಅನ್ನೋರು ಕೈ ಎತ್ತಿ" ಅಂತ. ನನಗೆ ಕೇಳಿಸಿದ್ದು "ನಿಲ್ಲಿಸಬಾರದು."

ಎದ್ದು ನಿಂತೆ. "ಸ್ವಾಮಿ, ನನ್ನ ಕೈ ಲೆಕ್ಕಕ್ಕೆ ಹಿಡೀಬೇಡಿ. ತಪ್ಪಾಗಿ ಎತ್ತಿದೆ" ಅಂದೆ. ಎಲ್ಲರೂ ನಕ್ಕರು. ಔಷಧಿ ಅಂಗಡಿಯವರೂ ನಗುತ್ತಾ, ನನಗೆ ಕೇಳುವ ಹಾಗೆ ಕೂಗಿ ಹೇಳಿದರು, "ನಿಮಗ್ಯಾಕೆ ಅಜ್ಜಿ ಈ ಉಸಾಬರಿ? ನಿಮ್ಮನೆ ಮಕ್ಕಳು ಇಲ್ಲಿಗೆ ಬರೋರಲ್ಲವಲ್ಲ."

ಸುಮ್ಮನೆ ಕೂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವರೇ ದಾರಿ ಮಾಡಿಕೊಟ್ಟಿದ್ದರು. ಪಕ್ಕದಲ್ಲಿ ದೊಡ್ಡವಳು ಕೂತಿದ್ದಳು.

"ಬರ್ತಾರೆ. ದಿನಾ ಬರ್ತಾರೆ. ರಜೆ ಬಂದ ಮೇಲೆ ನಮ್ಮನೇಲಿ ಮಧ್ಯಾಹ್ನಕ್ಕೆ ಸಾಲ್ತಿರಲಿಲ್ಲ. ಇವರಮ್ಮ ಊರು ಬಿಟ್ಟು ದುಡೀತಿದಾಳೆ, ನಾನು ಈ ವಯಸ್ಸಿನಲ್ಲಿ ಮಿಷನ್ ತುಳೀತೀನಿ. ಸೋಮಾರಿ ಯಾರು ಅಂತ ನೀವೇ ಹೇಳಿ."

ನನ್ನ ದನಿ ಎಷ್ಟು ದೊಡ್ಡದು ಅಂತ ನನಗೆ ತಿಳಿಯುವುದಿಲ್ಲವಲ್ಲ. ಗೇಟಿನ ಆಚೆ ಹೋಗುತ್ತಿದ್ದವರೂ ನಿಂತರು ಅಂತ ಆಮೇಲೆ ಗುಬ್ಬಿ ಹೇಳಿದಳು. ಕೂತೆ. ಔಷಧಿ ಅಂಗಡಿಯವರು ಕನ್ನಡಕ ಒರೆಸಿಕೊಂಡರು. ಕೆಟ್ಟವರಲ್ಲ ಅವರು.

ಮತ್ತೆ ಕೈ ಎತ್ತಿಸಿದಾಗ ಊಟ ನಿಲ್ಲಿಸುವುದಿಲ್ಲ ಅಂತ ಆಯಿತು, ಆದರೆ ವಾರಕ್ಕೆ ನಾಲ್ಕೇ ದಿನ. ಪುರಸಭೆಯಿಂದ ಇನ್ನು ಸಿಗುವುದು ಅಷ್ಟಕ್ಕೇ ಹಣ. ಬ್ಯಾನರ್ ತೆಗೆಯಿರಿ, ಊಟ ಇದೆ ಅಂತ ಬರೆದರೆ ಸಾಲದೇ, ಯಾರಿಗೆ ಅಂತ ಯಾಕೆ ಬೇಕು ಅಂತ ಸದಸ್ಯರನ್ನು ಕೇಳಿದೆ. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಂತೆ. ಗಾಳಿಗೆ ಒಂದು ಮೂಲೆ ಹರಿದಿದೆ, ಹೊಲಿದುಕೊಡುತ್ತೀರಾ ಅಂತ ನನ್ನನ್ನೇ ಕೇಳಿದರು. ಕೇಳಿಸಲಿಲ್ಲ ಅಂದೆ.

ಅತ್ತೆ


ಆಗಸ್ಟ್ 7

ಅತ್ತೆ, ನಮಸ್ಕಾರ. ಸಾಷ್ಟಾಂಗ ನಮಸ್ಕಾರ.

ನಿಮ್ಮ ಕಾಗದ ಓದುತ್ತಾ ಒಬ್ಬಳೇ ನಕ್ಕೆ. ಏನು ನಗು ಅಂತ ಜಡ್ಜ್ ಸಾಹೇಬರು ಕೇಳಿದರು. ಸಭೆಯ ಭಾಗ ಓದಿ ಹೇಳಿದೆ, ಅವರ ಪತ್ರದ ಸಾಲನ್ನೂ ಬಿಡಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ವಾದ ನಾನು ಒಪ್ಪಲ್ಲ. ಮುಂದಿನ ವರ್ಷ ಹಣ ಎಲ್ಲಿಂದ ಬರುತ್ತೆ ಅಂತ ಯಾರೂ ಹೇಳಲಿಲ್ಲ" ಅಂದರು. ನಾನು ಮಾತ್ರೆ ಕೊಟ್ಟು, ದೀಪ ಆರಿಸಿ ಹೊರಡುವಾಗ ಹಿಂದಿನಿಂದ ಕರೆದು ಕೇಳಿದರು: "ಆಕೆ ಈಗಲಾದರೂ ಮಧ್ಯಾಹ್ನ ಊಟ ಮಾಡ್ತಾರಾ?" ಮಾಡುತ್ತಾರಂತೆ ಸರ್ ಅಂದೆ. "ಅಂತೆ ಅಂದ್ರೆ ಸಾಕ್ಷಿ ಅಲ್ಲ" ಅಂದರು.

ಇನ್ನು ನನ್ನದು. ಹತ್ತನೇ ತಾರೀಕು ನಾನು ಬರುವುದಿಲ್ಲ. ಇಲ್ಲಿ ರಾತ್ರಿ ಪಾಳಿಯ ಹೆಂಗಸು ಕಳೆದ ತಿಂಗಳೇ ಕೆಲಸ ಬಿಟ್ಟಳು. ಬೇರೆಯವರು ಸಿಗುವವರೆಗೂ ಹಗಲು ರಾತ್ರಿ ಎರಡೂ ನನ್ನದೇ, ರಜೆ ಇಲ್ಲ ಅಂತ ಸಾಹೇಬರ ಮಗ ಆಗಲೇ ಹೇಳಿದ್ದರು. ಮಕ್ಕಳು ಕ್ಯಾಲೆಂಡರಿಗೆ ಸುತ್ತು ಹಾಕಿದ್ದಾರೆ ಅಂತ ನೀವು ಬರೆದ ಮೇಲೆ ಹೇಳಲು ಬಾಯಿ ಬರಲಿಲ್ಲ. ಏನಾದರೂ ದಾರಿ ಆದೀತು ಅಂತ ಕಾದೆ. ಆಗಲಿಲ್ಲ. ಮುಚ್ಚುಮರೆ ಬೇಡ ಅಂತ ನಿಮಗೆ ನೆನಪಿಸಿದವಳು ನಾನೇ. ಊಟದ ವಿಷಯ ನೀವು ಮುಚ್ಚಿಟ್ಟಿರಿ, ರಜೆಯ ವಿಷಯ ನಾನು ಮುಚ್ಚಿಟ್ಟೆ.

ಮಕ್ಕಳಿಗೆ ನೀವೇ ಹೇಳಬೇಕು. ಫೋನಿನಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ.

ನಿಮ್ಮ ಸೊಸೆ


ಆಗಸ್ಟ್ 19

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಒಂಬತ್ತನೇ ತಾರೀಕು ಬಂತು. ಅಂದೇ ಹೇಳಿದೆ. ದೊಡ್ಡವಳಿಗೆ ಮೊದಲೇ ಗೊತ್ತಿತ್ತು. "ಬರೋ ದಿನದ ಮಾತೇ ಅಮ್ಮ ಬರೀತಿರಲಿಲ್ಲ ಅಜ್ಜಿ" ಅಂದಳು. ನಿನ್ನಂತೆಯೇ, ಇವಳೂ ಪೊಲೀಸೇ. ಗುಬ್ಬಿ ಮಾತ್ರ ಬಾಗಿಲ ಹಿಂದೆ ಹೋಗಿ ಕೂತು ಅತ್ತಳು, ಬಹಳ ಹೊತ್ತು. ಸಮಾಧಾನ ಮಾಡಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಅತ್ತು ಅತ್ತು ಮಲಗಿದಳು, ಬೆಳಗ್ಗೆ ಎದ್ದು ಆಡಲು ಹೋದಳು.

ಹಾಲ್ ಇಲ್ಲದ ದಿನಗಳಲ್ಲಿ ಮೂವರೂ ಇದ್ದುದನ್ನೇ ಹಂಚಿಕೊಂಡೆವು. ಹೊಟ್ಟೆ ತುಂಬುತ್ತಿರಲಿಲ್ಲ, ಆದರೆ ಮೂವರದೂ ಅಷ್ಟೇ ಖಾಲಿ. ಬೀದಿಯಲ್ಲಿ ಒಂದೆರಡು ದಿನ ಜನ ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಅವರಿಗೂ ಬೇಸರವಾಯಿತು. ಔಷಧಿ ಅಂಗಡಿಯವರು ಮಗನ ಎರಡು ಜೊತೆ ಯೂನಿಫಾರಂ ಕೊಟ್ಟು ಹೋದರು. ಹುಡುಗ ಉದ್ದವಾಗಿದ್ದಾನೆ, ತೋಳು ಇನ್ನೂ ಬೆಳೆಯುತ್ತದೆ, ಕಫಿನ ಒಳಗೆ ಮಡಿಕೆ ಬಿಟ್ಟು ಹೊಲಿದಿದ್ದೇನೆ, ಮೇಲೆ ಬಿಳಿ ಗುಂಡಿ. ಇನ್ನೂ ಹನ್ನೆರಡು ಜೊತೆ ಕತ್ತರಿಸಿಟ್ಟಿದ್ದೇನೆ. ಇದನ್ನು ಓದಿದ ಮೇಲೆ ಕೆಲಸ ಬಂದಿದೆ ಅಂತ ನಂಬುತ್ತೀಯಲ್ಲ?

ನಿನ್ನೆ ಶಾಲೆ ತೆರೆಯಿತು. ಮಕ್ಕಳು ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಮಧ್ಯಾಹ್ನ ನನ್ನೊಬ್ಬಳಿಗೆ ಒಲೆ ಹಚ್ಚಲು ಮನಸ್ಸು ಬರಲಿಲ್ಲ. ಮಿಷನ್ ಮುಂದೆಯೇ ಕೂತಿದ್ದೆ. ಮತ್ತೆ ಏನನ್ನಿಸಿತೋ, ಎದ್ದು ಹೋಗಿ ಅಡುಗೆ ಮಾಡಿದೆ, ತಟ್ಟೆ ಹಾಕಿಕೊಂಡು ಕೂತು ಉಂಡೆ.

ಸಂಜೆ ದೊಡ್ಡವಳು ಶಾಲೆಯಿಂದ ಬಂದವಳೇ, ಬೆನ್ನಿನ ಚೀಲ ಇಳಿಸದೆ ಅಡುಗೆಮನೆಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ರಾತ್ರಿಗೆ ಎತ್ತಿಟ್ಟಿದ್ದೇನೋ ಅಂತ ಶೆಲ್ಫಿನ ಮೇಲೆ, ಹಿಂದೆ, ಎಲ್ಲ ಕಡೆ ನೋಡಿದಳು. ಅಲ್ಲೂ ಇರಲಿಲ್ಲ. ನಾನು ಮಿಷನ್ ತುಳಿಯುತ್ತಲೇ ಇದ್ದೆ, ನೋಡದವಳ ಹಾಗೆ. ಅವಳು ಚೀಲ ಇಳಿಸಿ ಆಡಲು ಹೋದಳು.

ಅತ್ತೆ